ಹೂಂ ಅನ್ನುವವನು

ಭೂಮಿ ಇನ್ನೆಷ್ಟು ಕಾಲ ಬಾಳೀತು ಎಂಬ ಪ್ರಶ್ನೆಯನ್ನು ಮಂಡ್ಯ ಜಿಲ್ಲೆಯಲ್ಲಿ ಶಿವರಾಜುವಿನಷ್ಟು ಸಲ ಕೇಳಿದವರು ಬೇರೆ ಯಾರೂ ಇರಲಾರರು. ಕೇಳುವಾಗ ಅವನು ನಿಂತಿರುತ್ತಿದ್ದದ್ದು ಮಂಡ್ಯದ ನೂರಡಿ ರಸ್ತೆಯ ಹಳೆಯ ಫೋಟೋ ಸ್ಟುಡಿಯೋ ಒಂದರ ಹಿಂಬದಿಯ ಕತ್ತಲೆ ಕೋಣೆಯಲ್ಲಿ. ಒಂದು ಕಾಲಕ್ಕೆ ಅಲ್ಲಿ ಮಧುಕರನ ತಂದೆ ಮದುವೆಯ ಫೋಟೋಗಳನ್ನು ತೊಳೆಯುತ್ತಿದ್ದರು. ಈಗ ಮಧುಕರ ಗೋಡೆಗೆಲ್ಲ ಹತ್ತಿಯ ಹಾಸಿಗೆ ಹೊಡೆದು, ನಡುವೆ ಒಂದು ಮೈಕು ಇಳಿಬಿಟ್ಟು, ಬಾಗಿಲಿಗೆ ‘ಧ್ವನಿಮುದ್ರಣ ನಡೆಯುತ್ತಿದೆ’ ಎಂದು ಫಲಕ ಹಾಕಿದ್ದ. ಫ್ಯಾನು ಹಾಕಿದರೆ ಸದ್ದು, ಹಾಕದಿದ್ದರೆ ಬೆವರು. ಹಾಗಾಗಿ ಪರಮಾಣು ಬಾಂಬಿನ ಬಗ್ಗೆ ಕೇಳುವಾಗಲೂ ಹಿಮ ಕರಗುವುದರ ಬಗ್ಗೆ ಕೇಳುವಾಗಲೂ ಶಿವರಾಜು ಬನಿಯನ್ನಿನಲ್ಲೇ ಇರುತ್ತಿದ್ದ.

ಪ್ರಶ್ನೆಗಳು ಅವನವಲ್ಲ. ಎಡ್ವಿನ್ ಹಾಲ್‌ಬರ್ಗ್ ಎಂಬ ಬಿಳಿ ಗಡ್ಡದ ಪತ್ರಕರ್ತರೊಬ್ಬರು ದೂರದೇಶದಲ್ಲಿ ಕೂತು ಲೋಕದ ದೊಡ್ಡ ಮನುಷ್ಯರನ್ನು ಒಬ್ಬೊಬ್ಬರಾಗಿ ಕರೆಸಿ, ಒಂದೊಂದು ಗಂಟೆ ಕೆದಕುತ್ತಿದ್ದರು. ಮಾಜಿ ಪ್ರಧಾನಿಗಳು, ನದಿಗಳ ಪಂಡಿತೆಯರು, ಬ್ಯಾಂಕುಗಳಿಗೆ ಬುದ್ಧಿ ಹೇಳುವವರು, ಹೇಳಿ ಹೇಳಿ ಸಾಕಾದವರು. ಈ ಸಂದರ್ಶನಗಳನ್ನು ಸಣ್ಣಪುಟ್ಟ ಭಾಷೆಗಳಿಗೂ ತಲುಪಿಸಬೇಕೆಂದು ಅಲ್ಲಿಯ ಟ್ರಸ್ಟೊಂದು ಹೊರಟಿತ್ತು. ಕನ್ನಡವನ್ನು ಸಣ್ಣ ಭಾಷೆಯ ಲೆಕ್ಕಕ್ಕೆ ಹಾಕಿದ್ದಾರೆಂದು ತಿಳಿದು ಮಧುಕರನಿಗೆ ಬೇಸರವಾಯಿತು. ಕೆಲಸ ಬೇಡ ಅನ್ನುವಷ್ಟೇನೂ ಆಗಲಿಲ್ಲ. ಅವನೇ ಅನುವಾದ ಮಾಡಿದ. ಗಂಡಸು ಅತಿಥಿ ಬಂದಾಗ ಶುಂಠಿ ಜಗಿದು ಅವನೇ ಉತ್ತರ ಕೊಟ್ಟ. ಹಾಲ್‌ಬರ್ಗರ ಕನ್ನಡ ಗಂಟಲಿಗೆ ಮಾತ್ರ ಶಿವರಾಜುವೇ ಬೇಕೆಂದು ಹನಕೆರೆಗೆ ಬಂದು ಕರೆದ.

ಆ ಗಂಟಲು ಅಷ್ಟರಲ್ಲಾಗಲೇ ಮೂರು ತಾಲ್ಲೂಕಿಗೆ ಪರಿಚಿತ. ಮಂಡ್ಯ, ಮದ್ದೂರು, ಮಳವಳ್ಳಿಯ ಬೀದಿಗಳಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಓಡಾಡುವ ಪ್ರಚಾರದ ಆಟೋಗಳಲ್ಲಿ ಮಾತಾಡುವವನು ಅವನೇ. ಬಂಡೂರಿನಲ್ಲಿ ಕುರಿಗಳಿಗೆ ಲಸಿಕೆ, ಹೊಳಲಿನಲ್ಲಿ ಕಣ್ಣಿನ ತಪಾಸಣೆ, ನಾಳೆ ಬೆಳಗಿನಿಂದ ಸಂಜೆವರೆಗೆ ಕರೆಂಟಿಲ್ಲ. ಮದುವೆಯಾಗದ ಹುಡುಗರೆಲ್ಲ ಹೆಣ್ಣು ಸಿಗಲೆಂದು ಮಾದಪ್ಪನ ಬೆಟ್ಟಕ್ಕೆ ನಡೆದುಹೊರಟ ವರ್ಷ ‘ಹೆಚ್ಚಿನ ಸಂಖ್ಯೆಯಲ್ಲಿ ಭಾಗವಹಿಸಿ’ ಎಂದು ಕೂಗಿದ್ದೂ ಅದೇ ಗಂಟಲು. ಭಾಗವಹಿಸಲು ಶಿವರಾಜುವಿಗೆ ಎಲ್ಲ ಅರ್ಹತೆಯೂ ಇತ್ತು, ನಲವತ್ತು ದಾಟಿತ್ತು. ಕರೆದವನೇ ಸಾಲಿನಲ್ಲಿ ನಿಂತರೆ ಚೆನ್ನಾಗಿರದೆಂದು ಹೋಗಲಿಲ್ಲ.

ಮೈಕಿನ ಮುಂದೆ ಅವನ ಶಕಾರ ಹಕಾರಗಳು ಪಾಠದ ಪುಸ್ತಕದಷ್ಟು ಸ್ವಚ್ಛ. ಮೈಕು ಆರಿಸಿದ ಕೂಡಲೇ ಎಲ್ಲವೂ ಹನಕೆರೆಗೆ ವಾಪಸು.

ಮೊದಲ ಸಂದರ್ಶನ ಪ್ರಸಾರವಾದ ಸಂಜೆ ಅದನ್ನು ಮೊಬೈಲಿನಲ್ಲಿ ಅವ್ವನ ಮುಂದಿಟ್ಟ. ಪಟ್ಟಲಮ್ಮ ಬುದ್ಧನ ಪಟದ ಕೆಳಗೆ ಗೋಡೆಗೊರಗಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅರ್ಧ ಮೊರ ಆಗುವವರೆಗೆ ಸುಮ್ಮನೆ ಕೇಳಿದಳು.

“ಯಾರ್ಲಾ ಇವ್ನು, ಈ ಗಡ್ಡದಪ್ಪ?”

“ದೊಡ್ಡೋರು ಕಣವ್ವ. ಅವ್ರ ಮಾತಾಡ್ತಿರೋದು ನಾನೇ.”

“ಅದ್ ಗೊತ್ತಾಯ್ತದೆ ಬುಡು, ನೀನ್ ಕೂಗಾಡದು ನಂಗೇನ್ ಒಸ್ದಾ? ಆಯಮ್ಮ ಪಾಪ ಒಂದೇ ಸಮ ಯೋಳ್ತಾವ್ಳೆ, ಸಮುದ್ರ ಉಕ್ತದೆ, ಊರ್ ಮುಳುಗ್ತವೆ ಅಂತ. ಇವ್ನು ಕಲ್ ನುಂಗ್ದಂಗೆ ಕುಂತವ್ನಲ್ಲ, ಒಂದ್ ಊಂ ಅನ್ಬಾರ್ದಾ?”

“ಅವ್ರ ಕಡೆ ಊಂ ಅನ್ನಕಿಲ್ಲ ಕಣವ್ವ. ತಲೆ ಆಡುಸ್ತಾರೆ.”

“ನಾನು ಅವರೆಕಾಯ್ ನೋಡ್ಲಾ, ಅವ್ನ್ ತಲೆ ನೋಡ್ಲಾ? ಊಂ ಅನ್ನೋರಿಲ್ದಿದ್ರೆ ಕತೆ ನಿಂತೋಯ್ತದೆ. ನೀನ್ ಚಿಕ್ಕೋನಿದ್ದಾಗ ಎಷ್ಟ್ ಸಾರಿ ಯೋಳಿವ್ನಿ.”

ಹೇಳಿದ್ದು ನಿಜ. ಚಿಕ್ಕಂದಿನಲ್ಲಿ ಪಕ್ಕದಲ್ಲಿ ಮಲಗಿಸಿಕೊಂಡು ಕತೆ ಹೇಳುವಾಗ ಅವಳ ಕರಾರು ಅದೊಂದೇ. ಕಣ್ಣು ಮುಚ್ಚಬೇಕು, ಹೂಂಗುಟ್ಟಬೇಕು. ಹೂಂ ನಿಂತರೆ ಮಗ ಮಲಗಿದನೆಂದು ತಿಳಿದು, ರಾಜಕುಮಾರ ಎಲ್ಲಿದ್ದನೋ ಅಲ್ಲೇ ಅವನನ್ನು ಬಿಟ್ಟು ಅವಳೂ ಮಲಗುತ್ತಿದ್ದಳು. ಎಷ್ಟೋ ರಾಜಕುಮಾರರು ಇವತ್ತಿಗೂ ಏಳು ಸಮುದ್ರದ ಆಚೆ ದಡದಲ್ಲೇ ನಿಂತಿದ್ದಾರೆ.

ಶಿವರಾಜು ಅವ್ವನ ಮಾತನ್ನು ಮಧುಕರನಿಗೆ ಮುಟ್ಟಿಸಿದ. ಮಧುಕರ ನಕ್ಕು, ನೋಡಿದವರು ಬರೆದದ್ದನ್ನು ತೆಗೆದು ತೋರಿಸಿದ. ‘ಪ್ರಶ್ನೆ ಕೇಳಿದವರು ಎದ್ದು ಹೋದರೇ?’ ಎಂದು ಒಬ್ಬರು ಕೇಳಿದ್ದರು. ‘ಆಯಮ್ಮ ಗೋಡೆಗೆ ಹೇಳ್ತಾವ್ರೆ’ ಎಂದು ಇನ್ನೊಬ್ಬರು. ಒಟ್ಟು ನೋಡುವವರೇ ಕಡಿಮೆ. ಪರೀಕ್ಷೆಗೆ ಓದುವ ಹುಡುಗರು, ನಿದ್ದೆ ಬಾರದ ನಿವೃತ್ತರು. ಇರುವವರನ್ನೂ ಕಳೆದುಕೊಳ್ಳುವುದು ಬೇಡವೆಂದು ಮಧುಕರ ಒಂದು ಪದ್ಧತಿ ಮಾಡಿದ. ಮಂಗಳವಾರ ಶಿವರಾಜು ಬಂದು ಪ್ರಶ್ನೆ ಕೇಳಿ ಹೋಗುವುದು. ಗುರುವಾರ ಅದನ್ನು ಕೇಳಿಸಿಕೊಂಡು ಅತಿಥಿಯ ಉತ್ತರ. ಶನಿವಾರ ಶಿವರಾಜು ಮತ್ತೆ ಬಂದು, ಹೆಡ್‌ಫೋನಿನಲ್ಲಿ ಆ ಉತ್ತರವನ್ನು ಪೂರ್ತಿ ಕೇಳುತ್ತ, ಬೇಕಾದಲ್ಲೆಲ್ಲ ಹೂಂ ಅನ್ನುವುದು. ಇದ್ದದ್ದು ಒಂದೇ ಮೈಕು, ಒಂದೇ ಹೆಡ್‌ಫೋನು. ಲೋಕದ ಜೊತೆ ಮಾತುಕತೆ ಹೀಗೆ ವಾರಕ್ಕೆ ಮೂರು ಕಂತಿನಲ್ಲಿ ನಡೆಯಿತು.

ಶಿವರಾಜು ಕೆಟ್ಟದ್ದು ಶನಿವಾರಗಳಲ್ಲಿ.

ಹೆಣ್ಣು ಅತಿಥಿಗಳ ಉತ್ತರ ಹೇಳುತ್ತಿದ್ದವಳು ಮಧುಕರನ ದೊಡ್ಡಪ್ಪನ ಮಗಳು, ರಂಜನಿ. ಮದ್ದೂರಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು. ಶಾಲೆ ಮುಗಿಸಿ ಸಂಜೆಯ ಪ್ಯಾಸೆಂಜರ್ ಗಾಡಿಯಲ್ಲಿ ಮಂಡ್ಯಕ್ಕೆ ಬಂದು, ಆ ವಾರದ ಮಟ್ಟಿಗೆ ಹಿಮನದಿಯ ವಿಜ್ಞಾನಿಯೋ, ಗಡೀಪಾರಾದ ಪತ್ರಕರ್ತೆಯೋ, ಯಾವುದೋ ದೇಶದ ಮಾಜಿ ಅಧ್ಯಕ್ಷೆಯೋ ಆಗಿ, ಮುಂದಿನ ಗಾಡಿಯಲ್ಲಿ ವಾಪಸಾಗುತ್ತಿದ್ದಳು. ಅವಳ ಸ್ವರದಲ್ಲಿ ವಯ್ಯಾರವಿರಲಿಲ್ಲ. ಕೊನೆಯ ಬೆಂಚಿನವರಿಗೂ ಮುಟ್ಟಬೇಕು, ಆದರೆ ಕೂಗಬಾರದು ಎಂದು ಇಪ್ಪತ್ತು ವರ್ಷ ಪಳಗಿದ ಸ್ವರ. ಆ ಸ್ವರ ಕಿವಿಯೊಳಗೆ ಬಂದು, ‘ನಿಮ್ಮ ಮೊಮ್ಮಕ್ಕಳು ಕುಡಿಯುವ ನೀರು ಇಂದು ಕರಗುತ್ತಿದೆ’ ಎಂದರೆ, ಮೊಮ್ಮಕ್ಕಳಿರಲಿ ಮಕ್ಕಳೂ ಇಲ್ಲದ ಶಿವರಾಜು ಕಣ್ಣು ಮುಚ್ಚಿಕೊಂಡು ‘ಹೂಂ’ ಎನ್ನುತ್ತಿದ್ದ, ಎಲ್ಲವೂ ತನ್ನದೇ ತಪ್ಪು ಎನ್ನುವ ಹಾಗೆ.

ಹೂಂ ಅನ್ನುವುದು ಸುಲಭವೆಂದು ತಿಳಿದವರು ಅಂದು ನೋಡಬೇಕು. ಗೊತ್ತಾಯಿತು ಅನ್ನುವುದೊಂದು. ಗೊತ್ತಾಗಲಿಲ್ಲ, ಆದರೂ ಹೇಳಿ ಅನ್ನುವುದೊಂದು. ಸಾವಿನ ಸುದ್ದಿಗೆ ಉಸಿರು ಒಳಗೆಳೆದುಕೊಂಡು ಅನ್ನುವುದೇ ಬೇರೆ. ಮೊದಮೊದಲು ಅವನು ಮಾತಿನ ಮೇಲೇ ಎಡವಿ ಬೀಳುತ್ತಿದ್ದ. ಅವಳ ವಾಕ್ಯಗಳು ಜಾಗ ಬಿಡದೆ ಓಡುತ್ತಿದ್ದವು. ಆಮೇಲಾಮೇಲೆ, ಯುಗಾದಿಯ ಹೊತ್ತಿಗಿರಬೇಕು, ಎಡವುವುದು ನಿಂತಿತು. ವಾಕ್ಯ ಮುಗಿದಲ್ಲಿ ಒಂದು ಸಣ್ಣ ತೆರಪು. ಅವನ ಹೂಂ ಅದರಲ್ಲಿ ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತಿತ್ತು. ತಾನು ಪಳಗಿದೆ ಎಂದುಕೊಂಡ. ಅವಳು ಉಸಿರು ತೆಗೆದುಕೊಳ್ಳುತ್ತಿದ್ದಾಳೆ ಎಂದುಕೊಂಡ.

ಶನಿವಾರ ಅವನಿಗೆ ಸಿಗುತ್ತಿದ್ದದ್ದು ಕತ್ತರಿಸದ ಹಸಿ ಧ್ವನಿ. ಅದರಲ್ಲಿ ನಿರಾಶ್ರಿತರ ಬವಣೆಯ ನಡುವೆ “ಒಂದ್ನಿಮಿಷ ಮಧು, ನೀರು” ಎಂಬುದೂ, ಲೋಟ ಇಟ್ಟ ಸದ್ದೂ ಇರುತ್ತಿತ್ತು. ಗೋಧಿಯ ಬೆಲೆಯ ಬಗ್ಗೆ ಹೇಳುತ್ತ ಹೇಳುತ್ತ, “ಅಮ್ಮಂಗೆ ಮಂಡಿನೋವು ಕಣೋ, ಬೇಗ ಮುಗಿಸು” ಎನ್ನುತ್ತಿದ್ದಳು. ಒಮ್ಮೆ, “ಗಾಡೀನ ಹನಕೆರೆಯಲ್ಲಿ ಸುಮ್ಮನೆ ನಿಲ್ಲಿಸಿಬಿಟ್ಟಿದ್ದ. ಅಲ್ಲೊಂದು ಹೊಂಗೆ ಮರ ಇದೆ ನೋಡು, ಕೆಳಗೆಲ್ಲ ಹೂ ಉದುರಿ ಯಾರೋ ಅಕ್ಕಿ ಚೆಲ್ಲಿದ ಹಾಗಿತ್ತು. ಇಳಿದುಬಿಡೋಣ ಅನ್ನಿಸ್ತು” ಎಂದಳು. ಅದಕ್ಕೂ ಶಿವರಾಜು ಹೂಂ ಅಂದ. ಹುಟ್ಟಿದಾಗಿನಿಂದ ನೋಡಿದ ಮರ. ಆ ಸಂಜೆ ಮನೆಗೆ ಹೋಗುವಾಗ ಸ್ಟೇಷನ್ನಿನ ಕಡೆಯಿಂದ ಸುತ್ತಿ ಹೋಗಿ, ನಿಂತು ನೋಡಿದ. ಅಕ್ಕಿ ಚೆಲ್ಲಿದ ಹಾಗೇ ಇತ್ತು.

ಅಲ್ಲಿಂದ ಗುರುವಾರ ಸಂಜೆಯಾದರೆ ಅವನು ಹನಕೆರೆಯ ಪ್ಲಾಟ್‌ಫಾರಂನಲ್ಲಿ ನಿಲ್ಲತೊಡಗಿದ. ಗಾಡಿ ಒಂದು ನಿಮಿಷ ನಿಲ್ಲುತ್ತಿತ್ತು. ಕಿಟಕಿಗಳಲ್ಲಿ ಮುಖಗಳು: ಕಡಲೆಕಾಯಿ ತಿನ್ನುವವು, ಫೋನು ನೋಡುವವು, ಕಂಬಿಗೆ ಹಣೆಯೊತ್ತಿ ಮಲಗಿದವು. ಅವಳ ಮುಖ ಅವನಿಗೆ ಗೊತ್ತಿರಲಿಲ್ಲ. ಅವಳ ಶಾಲೆಯ ಒಂದು ಫೋಟೋ ಮೊಬೈಲಿನಲ್ಲಿ ಸಿಕ್ಕಿತ್ತು. ಒಂದೇ ಥರದ ಸೀರೆಯುಟ್ಟ ಮೇಡಮ್ಮುಗಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದರು. ಒಂದೊಂದು ಮುಖಕ್ಕೂ ಆ ಸ್ವರವನ್ನು ತೊಡಿಸಿ ನೋಡಿದ. ಯಾರಿಗೂ ಸರಿಹೋಗಲಿಲ್ಲ. ಅಥವಾ ಎಲ್ಲರಿಗೂ ಸರಿಹೋಯಿತು.

ಮಧುಕರನನ್ನು ಕೇಳಬಹುದಿತ್ತಲ್ಲ ಎನ್ನಬಹುದು. ಮಧುಕರ ಒಳ್ಳೆಯವನು. ‘ಶಿವರಾಜಣ್ಣ’ ಎಂದೇ ಕರೆಯುವವನು. ತನ್ನ ಕೈಯಾರೆ ಕಾಫಿ ಬೆರೆಸಿ, ತಾನು ಕುಡಿಯುವ ಥರದ ಲೋಟದಲ್ಲೇ ಕೊಡುವವನು. ಅವನ ಅಜ್ಜ ಅಗ್ರಹಾರದ ಬಾವಿಕಟ್ಟೆಯಲ್ಲಿ ಯಾರ್‍ಯಾರನ್ನು ಎಲ್ಲೆಲ್ಲಿ ನಿಲ್ಲಿಸುತ್ತಿದ್ದರು ಎಂಬುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡುತ್ತಿರಲಿಲ್ಲ. ಆದರೆ ಕಾಫಿಯ ಲೋಟ ಬೇರೆ, ಅಕ್ಕನ ಫೋನ್ ನಂಬರು ಬೇರೆ. ಗುರುವಾರ ಸ್ಟುಡಿಯೋಕ್ಕೇ ಹೋಗೋಣವೆಂದರೆ, ಮಂಗಳವಾರದ ಮನುಷ್ಯ ಗುರುವಾರ ಯಾಕೆ ಬಂದ ಎಂದು ಕೇಳುತ್ತಾರೆ. ಮಾಜಿ ಪ್ರಧಾನಿಗಳಿಗೆ ಬೆವರಿಳಿಸಿದ ಶಿವರಾಜು ಆ ಒಂದು ಪ್ರಶ್ನೆಗೆ ಹೆದರಿ ಪ್ಲಾಟ್‌ಫಾರಂನಲ್ಲೇ ಉಳಿದ.

ಹಾಲ್‌ಬರ್ಗರಿಗೆ ಒಂದು ಅಭ್ಯಾಸವಿತ್ತು. ಪ್ರತಿ ಸಂದರ್ಶನದ ಕೊನೆಯಲ್ಲಿ ಕೈಯಲ್ಲಿದ್ದ ಹಾಳೆ ಮಡಿಸಿಟ್ಟು, “ನಾನು ಕೇಳದೆ ಉಳಿಸಿದ್ದು ಏನಾದರೂ ಇದೆಯೇ?” ಎನ್ನುವರು. ಅತಿಥಿಗಳು ನಕ್ಕು ಏನೋ ಹೇಳುವರು. ಶಿವರಾಜುವಿಗೆ ಅಷ್ಟೂ ಪ್ರಶ್ನೆಗಳಲ್ಲಿ ಪ್ರೀತಿಯದು ಅದೊಂದೇ. ಅದನ್ನು ಹೇಳುವಾಗ ಮಾತ್ರ ಹಾಲ್‌ಬರ್ಗರ ಕಡೆಯಿಂದ ಹೇಳುತ್ತಿರಲಿಲ್ಲ. ಅವನು ಕೇಳದೆ ಉಳಿಸಿದ್ದು ಬೇಕಾದಷ್ಟಿತ್ತು. ವರ್ಷದುದ್ದಕ್ಕೂ ಅವಳನ್ನು ಪ್ರಶ್ನೆ ಕೇಳುತ್ತಲೇ ಬಂದಿದ್ದ. ಅವುಗಳಲ್ಲಿ ಒಂದೂ ಅವನದಲ್ಲ. ತನ್ನದೇ ಒಂದು ಪ್ರಶ್ನೆ, ಎಷ್ಟೇ ಚಿಕ್ಕದಾಗಲಿ, ಅವಳನ್ನು ಕೇಳಬೇಕು, ಅದಕ್ಕೆ ಅವಳು ಉತ್ತರ ಹೇಳಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟು. ಅದಕ್ಕಿಂತ ಹೆಚ್ಚಿನದನ್ನು ಅವನು ಬಯಸಲಿಲ್ಲ ಎಂದಲ್ಲ, ಬಯಸಿದ್ದಕ್ಕೆ ಅವನು ಹೆಸರಿಟ್ಟಿರಲಿಲ್ಲ.

ಆಷಾಢದ ಗಾಳಿ ಏಳುವ ಹೊತ್ತಿಗೆ ಒಂದು ಮಂಗಳವಾರ ಮಧುಕರ ಮೈಕು ಹಚ್ಚದೆ ಕೂತಿದ್ದ.

“ಶಿವರಾಜಣ್ಣ, ಈ ವಾರದ್ದೇ ಕೊನೇದು.”

“ಯಾಕ್ ಸಾರ್? ಆಲ್ಬರ್ಗ್ ಸಾಹೇಬ್ರು ಉಸಾರಾಗವ್ರ?”

“ಅವರು ಚೆನ್ನಾಗಿದ್ದಾರೆ. ಇನ್ಮೇಲೆ ಕನ್ನಡಾನ ಕಂಪ್ಯೂಟರೇ ಮಾತಾಡುತ್ತಂತೆ. ಅವರದ್ದೇ ಗಂಟಲು, ಅವರ ಅತಿಥಿಗಳದ್ದೇ ಗಂಟಲು, ಮಾತು ಮಾತ್ರ ಕನ್ನಡ. ಒಂದು ಮಾದರಿ ಕಳಿಸಿದ್ದಾರೆ, ಕೇಳಿ.”

ಕೇಳಿದ. ಹಾಲ್‌ಬರ್ಗರು ತಾವೇ ಕನ್ನಡ ಮಾತಾಡುತ್ತಿದ್ದರು. ತಪ್ಪೇನೂ ಇರಲಿಲ್ಲ. ಹಬ್ಬದ ಊಟದಲ್ಲಿ ಪ್ರತಿಯೊಬ್ಬರ ಎಲೆಗೂ ಒಂದೇ ಅಳತೆಯಲ್ಲಿ ಬಡಿಸಿಕೊಂಡು ಹೋದ ಹಾಗಿತ್ತು. ಮನೆಗೆ ತಂದು ಅವ್ವನಿಗೂ ಕೇಳಿಸಿದ. ಪಟ್ಟಲಮ್ಮ ಕೊನೆಯವರೆಗೂ ಕೇಳಲಿಲ್ಲ. “ಊಂ ಇಲ್ವಲ್ಲಾ” ಎಂದಳು. “ತೆಗ್ದಾಕು. ಕತೆ ಆಗ್ಲೇ ನಿಂತೋಗದೆ, ಅದ್ಕೆ ಗೊತ್ತಾಗಿಲ್ಲ ಅಷ್ಟೆ.”

ಕೊನೆಯ ಅತಿಥಿ, ಊರು ಬಿಟ್ಟ ಜನರನ್ನು ಮರಳಿ ಊರು ಮುಟ್ಟಿಸುವುದರಲ್ಲಿ ಆಯುಷ್ಯ ಕಳೆದ ಒಬ್ಬ ವೃದ್ಧೆ. ಶಿವರಾಜು ಮಂಗಳವಾರವೇ ಅವಳನ್ನು ಕೇಳಬೇಕಾದ್ದೆಲ್ಲ ಕೇಳಿದ. ಶನಿವಾರ ಬಂದು ಶರ್ಟು ಬಿಚ್ಚಿ, ಹೆಡ್‌ಫೋನು ಹಾಕಿ, ಕಣ್ಣು ಮುಚ್ಚಿದ. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಡಿ ದಾಟಿದವರು, ದಶಕಗಳಾದ ಮೇಲೆ ಬಂದು ನೋಡಿದರೆ ಬಾಗಿಲೇ ಇಲ್ಲ, ಬೀಗವೊಂದು ಮಣ್ಣಿನಲ್ಲಿ ಬಿದ್ದಿದೆ ಎಂಬುದನ್ನೆಲ್ಲ ರಂಜನಿ ಹೇಳುತ್ತ ಹೋದಳು. ಅವನು ಹೂಂಗುಟ್ಟುತ್ತ ಹೋದ. ಕೊನೆಗೆ ಅವನ ಸ್ವರವೇ ಕೇಳಿತು, “ನಾನು ಕೇಳದೆ ಉಳಿಸಿದ್ದು ಏನಾದರೂ ಇದೆಯೇ?” ಎಂದು. ವೃದ್ಧೆಯ ಬಾಯಲ್ಲಿ ರಂಜನಿ, “ಇದೆ. ಆದರೆ ಅದನ್ನು ಕೇಳಬೇಕಾದವರು ನೀವಲ್ಲ” ಎಂದಳು. ಸಂದರ್ಶನ ಮುಗಿಯಿತು. ಹಸಿ ಧ್ವನಿ ಮುಗಿದಿರಲಿಲ್ಲ.

“ಆಯ್ತೇನೋ ಮಧು?” ಕುರ್ಚಿ ಸರಿದ ಸದ್ದು. “ಇನ್ನು ಗುರುವಾರ ಏನು ಮಾಡೋದೋ ಗೊತ್ತಿಲ್ಲ ಕಣೋ, ಅಭ್ಯಾಸ ಆಗ್ಹೋಗಿದೆ. ಮುಂದಿನ ವಾರಾನೂ ಅದೇ ಗಾಡೀಲಿ ಬಂದುಬಿಡ್ತೀನಿ, ಚಿಕ್ಕಪ್ಪನ್ನ ನೋಡಿದ ಹಾಗೂ ಆಯ್ತು. ಅಮ್ಮಂಗೆ ಈ ಜ್ವರ ಒಂದು ಬಿಟ್ಟರೆ. ಯಾಕೋ ಹಿಡಿದಿದ್ದು ಬಿಡ್ತಾನೇ ಇಲ್ಲ.”

ಅಲ್ಲಿ ತೆರಪಿತ್ತು. ಶಿವರಾಜು ಹೂಂ ಅಂದ.

“ಈ ಪ್ರಶ್ನೆ ಕೇಳ್ತಾರಲ್ಲ, ಅವರ ಹೂಂ ನನಗೆ ಇಲ್ಲಿ ಕೇಳಿಸೋದಿಲ್ಲ. ಅವರು ಹೂಂ ಅನ್ನೋ ಹೊತ್ತಿಗೆ ನಾನು ಮದ್ದೂರಲ್ಲಿರ್ತೀನಿ. ಆದರೂ ಅದಕ್ಕೆ ಜಾಗ ಬಿಟ್ಟೇ ಮಾತಾಡ್ತೀನಿ ನೋಡು. ಈಗೀಗ ತರಗತೀಲೂ ಹಾಗೇ ಆಗಿದೆ. ಟೀಚರ್ ಮಧ್ಯ ಮಧ್ಯ ಯಾರಿಗೋ ಕಾಯ್ತಾರೆ ಅಂತ ಹುಡುಗೀರು ನಗ್ತಾವೆ.”

ಇನ್ನೊಂದು ತೆರಪು. ಹೇಳಲು ಅವನಿಗೆ ಆ ಕ್ಷಣ ಲೋಕದ ಮಾತೆಲ್ಲ ಇತ್ತು. ಮೈಕು ಬಾಯಿಗೆ ಗೇಣುದ್ದದಲ್ಲಿತ್ತು, ಕೆಂಪು ದೀಪ ಉರಿಯುತ್ತಿತ್ತು. ಶಿವರಾಜು ಹೂಂ ಅಂದ.

ಆಮೇಲೆ ಮಧುಕರ ಅದನ್ನು ಹಾಕಿ ಕೇಳುವಾಗ ಅಲ್ಲಿಗೆ ಬಂದು ನಿಲ್ಲಿಸಿದ.

“ಇಲ್ಲೂ ಹೂಂ ಅಂದಿದ್ದೀರಲ್ಲ ಶಿವರಾಜಣ್ಣ. ಇದು ಕಾರ್ಯಕ್ರಮ ಅಲ್ಲ.”

“ಅಭ್ಯಾಸ ಸಾರ್.”

ಮಧುಕರ ಅವನನ್ನೇ ನೋಡಿದ. ಏನೋ ಹೊಳೆದಂತಿತ್ತು. ಹೊಳೆದದ್ದನ್ನು ಎಲ್ಲಿಡಬೇಕೋ ತಿಳಿಯದವನಂತೆ ಕಂಪ್ಯೂಟರಿನ ಕಡೆಗೆ ತಿರುಗಿದ. “ಅಳಿಸ್ಲಾ?”

“ಅಳ್ಸಿ ಸಾರ್” ಎಂದು ಶಿವರಾಜು ಶರ್ಟು ಹಾಕಿಕೊಂಡ.

ಮುಂದಿನ ಗುರುವಾರ ಮಳವಳ್ಳಿ ಕಡೆ ಪ್ರಚಾರವಿತ್ತು. ಕುರಿಗಳ ಲಸಿಕೆಯದೇ. ಆಟೋ ಓಡಿಸುತ್ತಿದ್ದವನು ಅವನ ವಾರಿಗೆಯ ಚಿಕ್ಕಣ್ಣ. ಊರೂರಲ್ಲೂ ಶಿವರಾಜು, ‘ರೈತ ಬಾಂಧವರೇ’ ಎಂದು ಬಾಯಲ್ಲಿ ಕೂಗುತ್ತ ಒಳಗೊಳಗೇ ಬೇರೆ ಮಾತು ಕಟ್ಟುತ್ತಿದ್ದ. ‘ಮೇಡಂ, ತಮ್ಮ ಈ ಪಯಣದ ಬಗ್ಗೆ…’ ಛೆ, ಅದು ಹಾಲ್‌ಬರ್ಗ್. ‘ನಮಸ್ಕಾರ, ನಾನೇ ಆ ಹೂಂ…’ ಕೇಳಿದವರು ನಗುತ್ತಾರೆ. ಒಂದು ನಿಮಿಷ ನಿಲ್ಲುವ ಗಾಡಿ, ಗೊತ್ತಿಲ್ಲದ ಮುಖ. ಇವತ್ತು ಬಿಟ್ಟರೆ ಮುಂದಿನ ಗುರುವಾರ ಅವಳು ಬರುತ್ತಾಳೆಂದು ಹೇಳುವವರಿಲ್ಲ, ಶನಿವಾರವೇ ಇಲ್ಲವಲ್ಲ.

ಊಟದ ಹೊತ್ತು ಕಳೆಯುತ್ತಿದ್ದ ಹಾಗೆ, “ತಿರುಗ್ಸ್ಲಾ ಆಟೋನ, ನಮ್ಮೂರ್ ಸ್ಟೇಷನ್ನಿಗೆ ಬುಡು” ಎಂದ.

“ರೈಲ್ ಅತ್ತೀಯೇನ್ಲಾ?”

“ಇಲ್ಲ.”

“ಯಾರಾರ ಬತ್ತಾವ್ರ?”

“ಇಲ್ಲ ಕಣ್ಲಾ.”

“ಮತ್ತೆ?”

“ಸುಮ್ಕೆ.”

“ವಾರ ವಾರ ಸುಮ್ಕೆ ನಿಲ್ಲೋರ್ನ ಪೊಲೀಸ್ರು ಇಡ್ಕೊತಾರೆ ಕಣ್ಲೇ. ಇಲ್ದಿದ್ರೆ ಹೆಣ್ ಕೊಡ್ತಾರೆ” ಎಂದು ಚಿಕ್ಕಣ್ಣ ಆಟೋ ತಿರುಗಿಸಿದ.

ಸಂಜೆಯ ಗಾಡಿ ಬಂತು. ನಿಂತಿತು. ಹಾಲಿನ ಕ್ಯಾನು ಇಳಿಯಿತು, ಒಬ್ಬ ಮುದುಕಿ ಹತ್ತಿದಳು. ಶಿವರಾಜು ಕಿಟಕಿಯಿಂದ ಕಿಟಕಿಗೆ ಕಣ್ಣು ಹಾಯಿಸಿದ. ಹೆಂಗಸರೇ ಹೆಂಗಸರು. ಯಾರ ಮುಖದ ಮೇಲೂ ಸ್ವರ ಬರೆದಿರಲಿಲ್ಲ. ಕಟ್ಟಿಕೊಂಡ ಮಾತುಗಳೆಲ್ಲ ಆ ಹೊತ್ತಿಗೆ ಸರಿಯಾಗಿ ಕೈಕೊಟ್ಟವು. ಸೀಟಿ ಹೊಡೆಯಿತು. ಚಕ್ರ ಕದಲಿತು. ಆಗ ಅವನ ಬಾಯಿಂದ, ಮೂರು ತಾಲ್ಲೂಕಿನಲ್ಲಿ ಯಾರೂ ಮೈಕಿನಲ್ಲಿ ಕೇಳಿರದ ಹನಕೆರೆಯ ಕನ್ನಡದಲ್ಲಿ, ಆದರೆ ಮೂರು ತಾಲ್ಲೂಕಿಗೂ ಕೇಳುವಷ್ಟು ಗಟ್ಟಿಯಾಗಿ ಬಂತು:

“ಅಮ್ಮಂಗೆ ಜ್ವರ ಬುಡ್ತಾ?”

ಇಡೀ ಗಾಡಿ ತಿರುಗಿ ನೋಡಿತು.

“ಯಾರ್ ಅಮ್ಮಂಗೆ?” ಎಂದು ಹಲಸಿನಹಣ್ಣು ತಬ್ಬಿ ಕೂತಿದ್ದವನೊಬ್ಬ ಗಾಬರಿಯಾದ.

“ಲೇ, ಕುರಿ ಲಸಿಕೆ ಅಣ್ಣ ಕಣ್ರಲಾ ಅದು!” ಎಂದು ಬಾಗಿಲಲ್ಲಿ ನೇತುಬಿದ್ದ ಹುಡುಗರು ಕಿರುಚಿದರು. “ಅಣ್ಣಾ, ನಮ್ಮೂರ್ಗೆ ಯಾವತ್ತಣ್ಣಾ?”

ನಗು ಡಬ್ಬಿಯಿಂದ ಡಬ್ಬಿಗೆ ಹಬ್ಬಿತು. ಆ ನಗುವಿನ ಕೆಳಗಿನಿಂದ, ಕೂಗದೆ, ಕೊನೆಯ ಬೆಂಚಿಗೆ ಮುಟ್ಟುವಷ್ಟೇ ಎತ್ತರದಲ್ಲಿ, ಒಂದು ಸ್ವರ ಬಂತು.

“ಬಿಡ್ತು. ಭಾನುವಾರ ಬಿಡ್ತು.”

ಆಮೇಲೆ ಒಂದು ತೆರಪು.

ಶಿವರಾಜು ಕಣ್ಣು ಮುಚ್ಚಿದ. “ಊಂ” ಎಂದ.

“ಈಗ ಅನ್ನ ಸೇರ್ತಾ ಇದೆ. ನಿಶ್ಶಕ್ತಿ ಇದೆ, ಅಷ್ಟೇ.”

“ಊಂ.”

“ನೀವು ಈ ಊರಿನವರಾ? ಈ ಹೊಂಗೆ ಮರ…”

ಮುಂದಿನದನ್ನು ಚಕ್ರಗಳು ತೆಗೆದುಕೊಂಡವು. ಅವನು ಅದಕ್ಕೂ ಊಂ ಅಂದ, ಇನ್ನೂ ಒಂದು ಸಲ ಅಂದ. ಅಂದ ಮೇಲೆ ಹೊಳೆಯಿತು, ಇದು ಕತ್ತಲೆ ಕೋಣೆಯಲ್ಲ, ಇಲ್ಲಿ ಕಣ್ಣು ಬಿಡಬಹುದು, ಬಿಡಬೇಕಾಗಿತ್ತು. ಬಿಟ್ಟಾಗ ಕೊನೆಯ ಡಬ್ಬಿ ಮರವನ್ನು ದಾಟುತ್ತಿತ್ತು. ದೂರದಲ್ಲಿ, ತಿರುವಿನ ಉದ್ದಕ್ಕೂ, ಗಾಡಿಯ ಕಿಟಕಿಗಳ ತುಂಬ ಕೈಗಳು. ತಮಾಷೆಗೆ ಎಲ್ಲರೂ ಬೀಸುತ್ತಿದ್ದರು. ಹುಡುಗರ ಕೈ, ಬಳೆಯ ಕೈ, ಹಲಸಿನಹಣ್ಣಿನವನ ಒಂದು ಕೈ. ಅವುಗಳಲ್ಲಿ ಒಂದು.

ಅವನೂ ಕೈಯೆತ್ತಿದ. ಗಾಡಿ ಕಾಣದಾದ ಮೇಲೂ ಸ್ವಲ್ಪ ಹೊತ್ತು ಹಾಗೇ ಇದ್ದ.

ಚಿಕ್ಕಣ್ಣ ಪ್ಲಾಟ್‌ಫಾರಂ ಮೇಲಕ್ಕೆ ಬಂದ. “ಬಾರ್ಲಾ, ಇನ್ನೂ ಎಲ್ಡ್ ಊರವೆ. ಕುರಿಗಳ್ ಕಾಯ್ತಾವೆ.”

“ನೀ ಓಗು. ನಾನು ಆಮ್ಯಾಕ್ ಬತ್ತೀನಿ.”

“ಇನ್ಯಾವ್ ಗಾಡಿ ಅದೆ ಈಗ?”

“ವಾಪಸ್ ಗಾಡಿ” ಎಂದು ಶಿವರಾಜು ಹಳಿ ದಾಟಿ, ಮದ್ದೂರಿನ ಕಡೆಗೆ ಹೋಗುವ ಗಾಡಿ ನಿಲ್ಲುವ ಬದಿಗೆ ಹೋಗಿ, ಕಲ್ಲುಬೆಂಚಿನ ಮೇಲೆ ಕೂತ. ಆಷಾಢದ ಗಾಳಿ ಧೂಳು ಎತ್ತಿ ಮುಖಕ್ಕೆ ಹೊಡೆಯುತ್ತಿತ್ತು. ಹೊಂಗೆಯಲ್ಲಿ ಹೂ ಮುಗಿದು ಕಾಯಿ ಕಟ್ಟಿತ್ತು.

ಚಿಕ್ಕಣ್ಣ ಈಚೆಯಿಂದಲೇ ಅವನನ್ನು ನೋಡಿ ತಲೆ ಚಚ್ಚಿಕೊಂಡ. “ಥೂ ನಿನ್ನ, ಕಣ್ಣಿಗ್ ದೂಳ್ ಬೀಳ್ತಾ ಅದೆ, ಮುಚ್ಕೊಳ್ಳಾದ್ ಬುಟ್ಟು ಗೂಬೆ ಅಂಗೆ ಬುಟ್ಕೊಂಡ್ ಕುಂತಿದ್ದೀಯಲ್ಲಾ, ಯಾಕ್ಲಾ?”

“ಅಭ್ಯಾಸ ಮಾಡ್ಕೊತಾವ್ನಿ” ಎಂದ ಶಿವರಾಜು, ಮಂಡ್ಯದ ಕಡೆಯ ತಿರುವನ್ನು ನೋಡುತ್ತ.